ಕಾಲಂ ನಾಲ್ಕು

ಪ್ರತಿನಿಧಿಸಿದ ರಾಜ್ಯ ಅಥವಾ ದೇಶ –
ಅಲ್ಲಿಗೆ ಬಂದು ನನ್ನ ಪೆನ್ನು ನಿಂತಿತು.
ಬೈತಖೋಲದ ಬಲೆ ಬಿಟ್ಟು
ಇಸ್ತ್ರಿ ಅಂಗಿಯಲ್ಲಿ ಬಂದ ರುಜಾರ್ ಮಾಮ
ಅರ್ಜಿಯ ಬೆನ್ನಿಗೆ ಒಂದು ಚುಕ್ಕೆ ಇಟ್ಟ:
'ಇದು. ನಮ್ಮ ದೇವಗಡದ ನಡುಗಡ್ಡೆಗಿಂತ
ಸ್ವಲ್ಪ ದೊಡ್ಡದು, ಅಷ್ಟೇ.'

ಹಡಗಿನ ಅಡುಗೆಯವನಾಗಿ ಹೋದದ್ದು.
ಎಂಜಿನ್ ಕೆಟ್ಟು, ಮಾಲೀಕ ಕೈಬಿಟ್ಟು,
ಅಲ್ಲೇ ಆರು ವರ್ಷ.
ಹನ್ನೊಂದು ಜೋಡಿ ಕಾಲು ಹೊಂದಿಸಲು
ದೇಶಕ್ಕೆ ದೇಶವನ್ನೇ ಜಾಲಾಡಿದರಂತೆ:
ಬೇಕರಿಯವ, ಅವನ ಭಾವ, ಸುಂಕದ ಸಾಹೇಬ,
ಗೋಲಿಗೆ ಪಾದ್ರಿ,
ಬಲ ಬ್ಯಾಕಿಗೆ ಕಾರವಾರದ ಇವನು.

ಪಂದ್ಯ ಮೂರು. ತಿಂದ ಗೋಲು ಇಪ್ಪತ್ತಾರು.
'ಇಪ್ಪತ್ತೇಳು,' ತಿದ್ದಿದ ಮಾಮ,
'ಒಂದು ನನ್ನದೇ ಮೊಣಕಾಲಿಗೆ ತಾಗಿ.'

ರಾಷ್ಟ್ರಗೀತೆಗೆ ಸಾಲಾಗಿ ನಿಂತಾಗ
ಪದ ಬಾರದೆ ಬರೀ ತುಟಿ ಆಡಿಸಿದ.
ಒಳಗೆ ರಂಪಣಿ ಎಳೆಯುವವರ ಐಲೇಸಾ
ಹೇಗೋ ಆ ರಾಗಕ್ಕೆ ಕೂಡಿಕೊಂಡು
ಗಂಟಲವರೆಗೆ ಬಂತಂತೆ.
ಪಕ್ಕದಲ್ಲಿ ಬೇಕರಿಯವ ಅಳುತ್ತಿದ್ದ.

ಮೇಡಂ ಪಟ್ಟಿಯ ಮೇಲೆ ಬೆರಳು ಇಳಿಸಿದರು,
ಮತ್ತೆ ಏರಿಸಿದರು, ಕನ್ನಡಕ ಒರೆಸಿದರು.
'ಆ ದೇಶ ಇದರಲ್ಲಿಲ್ಲ.
ಜಿಲ್ಲಾ ಮಟ್ಟದಲ್ಲಿ ಏನಾದರೂ ಆಡಿದ್ದೀರಾ?'

ಮಾಮ ಬಹಳ ಹೊತ್ತು ಯೋಚಿಸಿದ.
'ಹನ್ನೆರಡು ವರ್ಷದವನಿದ್ದಾಗ, ಉಸುಕಿನ ಮೇಲೆ,
ಸದಾಶಿವಗಡದ ಹುಡುಗರ ಎದುರು.
ಭರತ ಏರಿ ಬಂದು ಅರ್ಧಕ್ಕೇ ನಿಂತಿತು.'

ಮೇಡಂ ನಗಲಿಲ್ಲ. ಅರ್ಜಿ ಮಡಚಿ ಕೊಟ್ಟರು,
ಚುಕ್ಕೆ ಒಳಗೆ ಹೋಗುವ ಹಾಗೆ.

ಹೊರಗೆ ಚಹಾ ಹೇಳಿದೆವು.
ಮಾಮ ಬಂಗುಡೆಯ ದರದ ಮಾತು ತೆಗೆದ.
ಮೇಜಿನ ಕೆಳಗೆ ಅವನ ಬಲಗಾಲು
ಯಾರನ್ನೋ ತಡೆಯುತ್ತಲೇ ಇತ್ತು.