ಇಲ್ಲ ಎನ್ನಬಲ್ಲದ್ದು

ನಿವೃತ್ತನಾದ ದಿನ ಜಕಾರಿಸ್ ಬಿಟ್ಟುಹೋದದ್ದು
ಒಂದು ಕಾಫಿ ಲೋಟ, ಒಂದು ಉಣ್ಣೆಯ ಟೋಪಿ,
ನಾಲ್ಕುನೂರ ಹನ್ನೆರಡು ಸಾಲಿನ ಒಂದು ಫೈಲು.
ಎಡಕ್ಕೆ ಅಂಕಿ, ಬಲಕ್ಕೆ ಹೆಸರು:
ಮೇವಿನ ಪಂಪು ಇಲ್ಲಿ, ಆಮ್ಲಜನಕದ ಲೆಕ್ಕ ಅಲ್ಲಿ,
ಏಳನೆಯ ಬಲೆಯ ಕ್ಯಾಮೆರಾ ಇನ್ನೆಲ್ಲೋ.
ಹದಿನಾಲ್ಕು ವರ್ಷ ಕೈಯಾರೆ ತಿದ್ದಿದ್ದ.

ಈಗ ಯಾವುದೂ ಒಂದೆಡೆ ನೆಲೆ ನಿಲ್ಲುವುದಿಲ್ಲ.
ಒಂದು ಪ್ರೋಗ್ರಾಮು ಸತ್ತರೆ ಇನ್ನೊಂದು ಪೆಟ್ಟಿಗೆಯಲ್ಲಿ
ಅದೇ ಹೆಸರು ಹೊತ್ತು ಕಣ್ಣು ಬಿಡುತ್ತದೆ,
ಗಳಿಗೆಗೊಂದು ಬಿಡಾರ.
ಮೇವು ಬೇಕೆಂದ ದೋಣಿ ಯಾರನ್ನು ಕೇಳಬೇಕು?
ಆ ಯಾರನ್ನೋ ಆರಿಸಲು ನಾವು ಮೂವರು
ಕ್ಲಾಕ್ಸ್‌ವೀಕ್ ಬಂದರಿನ ಮೇಲುಕೋಣೆಯಲ್ಲಿ ಕೂತೆವು.
ನವೆಂಬರು. ಮೂರೂವರೆಗೇ ಕತ್ತಲು.

ಬೈಂಡ್ ಹಿರಿಯ, ಎಂದ ಬಾರ್ದುರ್,
ಎಲ್ಲ ಬಲ್ಲದು, ಒಂದೊಂದನ್ನೂ ಬಿಡಿಸಿ ಹೇಳಬೇಕು ಅಷ್ಟೆ.
ಪವರ್‌ಡಿಎನ್‌ಎಸ್‌ಗೆ ಡೇಟಾಬೇಸಿನ ಊರುಗೋಲು.
ಡಿಎನ್‌ಎಸ್‌ಮಾಸ್ಕ್ ದೋಣಿಯವನ ಜೇಬಿನಲ್ಲೂ ಹಿಡಿದೀತು.
ಕೋರ್‌ಡಿಎನ್‌ಎಸ್ ಪ್ಲಗಿನ್ನುಗಳ ಮಣಿಸರ;
ನಾವು ಬರೆದ ಕ್ರಮವಲ್ಲ, ಅದು ಪೋಣಿಸಿಕೊಂಡ ಕ್ರಮ.

"ಎಲ್ಲವೂ ಪುಕ್ಕಟೆ ತಾನೆ?" ಎಂದಳು ಲೆಕ್ಕದ ಸೋಲ್ವಾ.
ಪುಕ್ಕಟೆಯಲ್ಲ, ತೆರೆದದ್ದು.
ಬಾಗಿಲು ತೆರೆದ ಮನೆಗೆ ಹೋಗುವ ಮುನ್ನ
ಕಸ ಗುಡಿಸುವವರು ಯಾರೆಂದು ನೋಡಬೇಕು.
ಹಾಗಾಗಿ ಎರಡು ದಿನ ಬರೀ ಓದಿದೆವು:
ಯಾರು ತಪ್ಪು ತೋರಿಸಿದರು, ಯಾರು ತಿದ್ದಿದರು,
ನಡುವೆ ಎಷ್ಟು ರಾತ್ರಿ ಕಳೆದವು.

ಮೂರನೆಯ ದಿನ ಕೇಬಲ್ಲು ಕಿತ್ತೆವು.
ನಾವು ಕಲಿಸಿದಂತೆ
ಒಂದು ಹಳೆಯ ವಿಳಾಸವನ್ನೇ ಗಟ್ಟಿ ದನಿಯಲ್ಲಿ ಹೇಳಿತು,
ಇನ್ನೊಂದು ಗೊತ್ತಿಲ್ಲ ಎಂದಿತು.
"ಬಿರುಗಾಳಿಯಲ್ಲಿ ಹಳೆಯ ವಿಳಾಸವೂ ವಿಳಾಸವೇ," ಬಾರ್ದುರ್.
ಹೋದ ಚಳಿಗಾಲ ಮರೆತೆಯಾ, ಎಂದೆ ನಾನು.
ಹಳೆಯ ವಿಳಾಸ ಹಿಡಿದು ಹೋದ ಆಜ್ಞೆ
ಒಂದೂ ಮೀನಿಲ್ಲದ ಬಲೆಗೆ
ಬೆಳಗಿನವರೆಗೆ ಮೇವು ಸುರಿದಿತ್ತು.
ಯಾರೂ ಮಾತಾಡಲಿಲ್ಲ. ಕೆಟಲ್ಲು ಕುದಿದು ತಾನೇ ಆರಿತು.

ಆಮೇಲೆ ಸೋಲ್ವಾ ಕಂಡುಹಿಡಿದಳು:
ಜಕಾರಿಸನ ಫೈಲಿನ ಕಟ್ಟಕಡೆಗೆ
ಅಂಕಿಯಿಲ್ಲದೆ ಒಂದು ಹೆಸರು, ನೀರುಕಾಗೆ.
ಫೋನು ಮಾಡಿದೆವು. ಹಿಂದೆ ಗಾಳಿಯ ಸದ್ದು, ಕುರಿಯ ಸದ್ದು.
"ಅಂಥ ಯಂತ್ರ ಯಾವತ್ತೂ ಇರಲಿಲ್ಲ.
ಬೆಳಿಗ್ಗೆ ಮೊದಲು ಅದನ್ನೇ ಕೇಳುತ್ತಿದ್ದೆ.
ಇಲ್ಲ ಎಂದು ಬಂದರೆ
ಆ ದಿನದ ಹೌದುಗಳನ್ನು ನಂಬಬಹುದು."

ನಾಲ್ಕಕ್ಕೂ ನೀರುಕಾಗೆಯನ್ನು ಕೇಳಿದೆವು.
ಮೂರು ಇಲ್ಲ ಎಂದವು. ಒಂದು
ಇದೆ, ಇಲ್ಲೇ ಇದೆ, ಎಂದು ಅಂಕಿಯನ್ನೂ ಕೊಟ್ಟಿತು.
ತಪ್ಪು ಅದರದಲ್ಲ, ನನ್ನದು:
ಯಾವ ಹೆಸರಿಗೂ ಸಲ್ಲುವ ಒಂದು ನಕ್ಷತ್ರಚಿಹ್ನೆಯನ್ನು
ನಿದ್ದೆಗಣ್ಣಲ್ಲಿ ನಾನೇ ಬರೆದಿದ್ದೆ.

ಕೊನೆಗೆ ಮಣಿಸರವನ್ನೇ ಆರಿಸಿದೆವು.
ಯಾವ ಉತ್ತರವನ್ನೂ ಐದು ಸೆಕೆಂಡಿಗಿಂತ ಹೆಚ್ಚು ನಂಬಬೇಡ
ಎಂದು ದೋಣಿಗಳಿಗೆ ಹೇಳಿದೆವು.
ಬಾರ್ದುರ್ ಇನ್ನೂ ಒಪ್ಪಿಲ್ಲ.

ಇವತ್ತು ಬೆಳಿಗ್ಗೆ ಜಕಾರಿಸನ ಲೋಟದಲ್ಲಿ ಕಾಫಿ ಬಗ್ಗಿಸಿ
ನೀರುಕಾಗೆ ಇದೆಯೇ ಎಂದು ಕೇಳಿದೆ.
ಇಲ್ಲ, ಎಂದಿತು.
ಕಿಟಕಿಯಾಚೆ ಬಂದರಿನ ಕಂಬದ ಮೇಲೆ
ಒಂದು ರೆಕ್ಕೆ ಬಿಚ್ಚಿ ಒಣಗಿಸುತ್ತ ಕೂತಿತ್ತು.