ಕೋಂ

ಅಪ್ಪನ ಪಟ್ಟಿಪುಸ್ತಕದಲ್ಲಿ ಒಂದು ಗಿಡ್ಡ ಪದವಿತ್ತು: ಕೋಂ.
ಅಂದರೆ ಇಂಥವರ ಹೆಂಡತಿ.
ಹೊಲದ ಉತಾರದಲ್ಲಿ, ಕೋರ್ಟಿನ ಕಾಗದದಲ್ಲಿ
ಅವಳ ಹೆಸರಿಗೂ ಅವನ ಹೆಸರಿಗೂ ನಡುವೆ
ಕೊಂಡಿಯ ಹಾಗೆ ಬೀಳುವ ಪದ.
ಅಪ್ಪನ ಪುಸ್ತಕದಲ್ಲಿ
ಕೋಂ ಇತ್ತು, ಬಲಕ್ಕೆ ಗಂಡನಿದ್ದ,
ಎಡಕ್ಕೆ ಬರೀ ಬಿಳಿ.

ನಿಪ್ಪಾಣಿಯಿಂದ ಎರಡು ಹರದಾರಿ, ವೇದಗಂಗೆಯ ದಂಡೆ.
ರೊಟ್ಟಿಯ ಹಿಟ್ಟಿನಲ್ಲೂ ತಂಬಾಕಿನ ಘಾಟು.
ಹಿತ್ತಲಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ,
ಎಮ್ಮೆಯನ್ನು ಬಯ್ಯಲು ಎರಡೂ.

ಸ್ವರಾಜ್ಯ ಬಂದು ಮೂರು ವರ್ಷಕ್ಕೆ ಚಿಕ್ಕೋಡಿಯಿಂದ ಹುಕುಂ:
ಇಪ್ಪತ್ತೊಂದು ತುಂಬಿದವರನ್ನೆಲ್ಲ ಬರೆ, ಹೆಂಗಸರನ್ನೂ.
ಗುರುಪಾದಯ್ಯ ಮಾಸ್ತರರು ಹೊರಟರು,
ಹಿಂದೆ ಮಸಿಕುಡಿಕೆ ಹಿಡಿದ ನಾನು, ಎಂಟು ವರ್ಷದವಳು.

"ಹೆಸರು ಹೇಳ್ರಿ, ತಂಗಿ."
ಬಾಗಿಲ ಹಿಂದೆ ಬಳೆ ಸದ್ದು. "ಅವ್ರನ್ನ ಕೇಳ್ರಿ."
"ಅವ್ರ ಹೆಸರರ ಹೇಳ್ರಿ."
"ಅಯ್ಯ ಶಿವನ, ಅದನ್ನ ಹ್ಯಾಂಗ ಹೇಳ್ಲಿ?"
ಹೊತ್ತು ಹೋಯಿತು. ಆಮೇಲೆ ಒಳಗಿಂದ ಒಡಪು ತೂರಿ ಬಂತು:
ಹೊಗೆಸೊಪ್ಪಿನ ಹೊಲದಾಗ ಹೊಂಬಿಸಲು ಬಿದ್ದೈತಿ,
ರಾಯಪ್ಪನ ಹೆಸರು ನನ ಹಲ್ಲಾಗ ಸಿಕ್ಕೈತಿ.
ಓಣಿ ನಕ್ಕಿತು. ಅಪ್ಪ ಬರೆದರು: ಕೋಂ ರಾಯಪ್ಪ.
ಗಂಡನ ಹೆಸರಿಗೆ ಪದ್ಯವಿತ್ತು.
ಆಕೆಯದಕ್ಕೆ ಯಾರೂ ಕಟ್ಟಿರಲಿಲ್ಲ.

ಆಚೆ ಮನೆಯಾಕೆ ಅಂದಳು, "ನನಗ ಎರಡು ಅದಾವ್ರಿ,
ತವರಿಂದೊಂದು, ಲಗ್ನದಾಗ ಅಕ್ಕ್ಯಾಗ ಬರದದ್ದೊಂದು.
ಸರಕಾರಕ್ಕ ಯಾವುದು ಬೇಕು?"
ಅತ್ತೆ ಕೆಮ್ಮಿದಳು. ಕೋಂ ಸಾತಗೌಡ.

ಓಣಿ ಮುಗಿದ ಮೇಲೆ, ಹಳ್ಳದ ಕಡೆ, ತುಂಗವ್ವನ ಗುಡಿಸಲು.
ಎಲ್ಲವ್ವಗೆ ಬಿಟ್ಟವಳು. ಅಪ್ಪ ಹೊರಗೇ ನಿಂತು ಕೆಮ್ಮಿದರು.
ಕೇಳುವ ಮೊದಲೇ, "ತುಂಗವ್ವ. ಬರಕೋರಿ."
ಟಾಕು ರೂಢಿಯಂತೆ ಕೋಂ ಬರೆದು ನಿಂತಿತು.
"ಮುಂದ?"
"ಮುಂದ ಯಾರೂ ಇಲ್ರಿ. ಹಿಂದ ನಮ್ಮವ್ವ ಇದ್ಲು, ಮಾಯವ್ವ."
ಅಪ್ಪ ಕೋಂ ಹೊಡೆದುಹಾಕಿ ಮಾಯವ್ವ ಅಂತ ಬರೆದರು.
ಅವರ ದುಂಡಕ್ಷರದ ನಡುವೆ
ನಾನು ಕಂಡ ಕಾಟು ಅದೊಂದೇ.

ಮರುವರ್ಷ ಪಟ್ಟಿ ತಿರುಗಿ ಬಂತು.
ಹೆಸರಿಲ್ಲದವರ ಮೇಲೆಲ್ಲ ಕೆಂಪು ಗೆರೆ.
ನಮ್ಮ ಕಡೆ ಇಪ್ಪತ್ತಾರು ಹೆಂಗಸರು, ಉಳಿದವಳು ಒಬ್ಬಳು.

ಓಟಿನ ದಿನ ತುಂಗವ್ವ ಮಡಿಕೆ ಮುರಿಯದ ಸೀರೆ ಉಟ್ಟು
ನಟ್ಟನಡು ಓಣಿಯಲ್ಲಿ ಶಾಲೆಗೆ ಹೋದಳು.
ತಿರುಗಿ ಬರುವಾಗ ಗೌಡತಿ ಹಿತ್ತಲ ಬಾಗಿಲು ತೆರೆದು
"ಬಾ ಇಲ್ಲಿ" ಅಂದಳು. ಹೆಂಗಸರೆಲ್ಲ ಅಲ್ಲೇ ಇದ್ದರು,
ಸಗಣಿ ಕೈಯವರು, ಬಾಣಂತಿ ಕೂಡ.
"ಒಳಗ ಏನೈತಿ?"
"ಡಬ್ಬಿ ಅದಾವ, ಮ್ಯಾಲ ಚಿತ್ರ. ಪರದೆ ಬಿಟ್ಟಾರ.
ಹಿಂದ ಹೋದ್ರ ಯಾರೂ ನೋಡಂಗಿಲ್ಲ."
"ಯಾರೂ?"
"ಯಾರೂ."
ಎಲ್ಲರೂ ಸುಮ್ಮನಾದರು.
ಗೌಡತಿ ಆ ಬೆರಳು ಹಿಡಿದು, ಸೆರಗಿನಿಂದ ಉಜ್ಜಿ ನೋಡಿದಳು.
ಮಸಿ ಹೋಗಲಿಲ್ಲ.
ಆಮೇಲೆ ಕೈ ತೊಳೆದುಕೊಂಡಳು, ಅದನ್ನೂ ಹೇಳಬೇಕು.

ಆ ರಾತ್ರಿ ಪುಸ್ತಕದ ಮೊದಲ ಪುಟ ತೆಗೆದೆ.
ಮೊದಲ ಸಾಲು ನಮ್ಮದೇ ಮನೆ:
ಕೋಂ ಗುರುಪಾದಯ್ಯ. ಎಡಕ್ಕೆ ಬಿಳಿ, ಮೇಲೆ ಕೆಂಪು.
"ಅವ್ವಾ, ಅಪ್ಪಗ ನಿನ್ನ ಹೆಸರು ಗೊತ್ತಿಲ್ಲೇನ?"
ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ.
"ಕೇಳಿದ್ರ ಹೇಳತಿದ್ದೆ."

ಮುಂದಿನ ಓಟಿಗೆ ರಾಜ್ಯವೇ ಬೇರೆಯಾಗಿತ್ತು.
ಮರಾಠಿ ಕಾರಕೂನನ ಕೈದಾಟಿ ಬಂದ ಪಟ್ಟಿ
ಮತ್ತೆ ಕನ್ನಡಕ್ಕೆ ಇಳಿದಿತ್ತು.
ಹೋಗುವಾಗ ನಿಂಬವ್ವ, ಬರುವಾಗ ಲಿಂಬಾಬಾಯಿ.
ತಿದ್ದಿಸುತ್ತೇನೆಂದು ಅಪ್ಪ ಎದ್ದರು. ಅವ್ವ, "ಇರ್ಲಿ ಬಿಡ್ರಿ."
ಸಾಯುವ ತನಕ ಪ್ರತಿ ಓಟಿಗೂ
ಲಿಂಬಾಬಾಯಿಯಾಗಿಯೇ ಹೋಗಿಬಂದಳು.
ಯಾರಿಗೆ ಹಾಕಿದೆ ಅಂತ ಅಪ್ಪ ಕೇಳಿದರೆ
"ಆಕೀನ್ನ ಕೇಳ್ರಿ" ಅನ್ನುತ್ತಿದ್ದಳು.