ಮೂವತ್ತೊಂದನೆಯ ಗಂಟು

ಉಸಿರು ಎಳೆದುಕೊಳ್ಳಿ, ಹಿಡಿದಿಡಿ, ಎಂದೆ.
ಹಿಡಿದಿಟ್ಟರು ಮಿಸ್ಟರ್ ಹ್ಯಾಲಮ್.
ಬಿಡಿ ಎಂದ ಮೇಲೂ ಒಂದಿಷ್ಟು ಹೊತ್ತು ಬಿಡಲಿಲ್ಲ,
ಸಿಕ್ಕಿದ್ದನ್ನು ಬಿಡದ ಜಾತಿ.

ನಾಟಿಂಗ್‌ಹ್ಯಾಮಿನ ಆಸ್ಪತ್ರೆಯ ನೆಲಮಾಳಿಗೆ,
ತೊಂಬತ್ತನಾಲ್ಕರ ಮಾರ್ಚಿ.
ಪರದೆಯ ಆಚೆ ಅಂಗಿಯ ಗುಂಡಿ ಹಾಕುತ್ತ ಕೇಳಿದರು:
"ನಿಮ್ಮ ಹತ್ತಿರ ಮೂವತ್ತೊಂದು ಇದೆಯೇನಮ್ಮ?"
ಎಲ್ಲರನ್ನೂ ಕೇಳುತ್ತಾರಂತೆ, ಹಾಲಿನವನನ್ನು, ಪಾದ್ರಿಯನ್ನು,
ಬಸ್ಸಿನಲ್ಲಿ ಪಕ್ಕ ಕೂತವರನ್ನು.

ಸಿಗರೇಟು ಪ್ಯಾಕು ಜೇಬಿನಲ್ಲಿ ನಜ್ಜುಗುಜ್ಜಾಗದಿರಲೆಂದು
ಒಳಗೊಂದು ರಟ್ಟು.
ರಟ್ಟಿನ ಮೇಲೆ ಚಿತ್ರ ಬಂತು, ಚಿತ್ರಕ್ಕೊಂದು ನಂಬರು,
ನಂಬರಿಗೊಂದು ಹುಚ್ಚು.
'ನಾವಿಕರ ಗಂಟುಗಳು', ಒಟ್ಟು ಐವತ್ತು.
ಮೂವತ್ತೇಳನೇ ಇಸವಿ, ಸಿರಿಲ್ ಹ್ಯಾಲಮ್‌ಗೆ ಒಂಬತ್ತು ವರ್ಷ.
ಕಾರ್ಖಾನೆಯ ಗೇಟಿನಲ್ಲಿ ಸಂಜೆ ಶಿಫ್ಟು ಬಿಡುವಾಗ
ಹುಡುಗರ ಸಾಲು: ಮಾಮಾ, ಚಿತ್ರ ಇದ್ದರೆ ಕೊಡಿ ಮಾಮಾ.
ಗಣಿಯ ಅಪ್ಪನ ಕೆಮ್ಮು ತಂದದ್ದು ಇಪ್ಪತ್ತೆರಡು,
ಗೋಡೆಗೆ ಕಾರ್ಡು ಚಿಮ್ಮುವ ಆಟದಲ್ಲಿ ಹದಿನೆಂಟು,
ಒಂಬತ್ತು ಚಿಕ್ಕಮ್ಮನಿಂದ,
ಅವಳು ಸೇದುವುದು ಅಮ್ಮನ ಕಿವಿಗೆ ಬೀಳಬಾರದೆಂಬ ಕರಾರಿನ ಮೇಲೆ.
ಮೂವತ್ತೊಂದು ಮಾತ್ರ ಯಾರ ಜೇಬಿನಲ್ಲೂ ಇಲ್ಲ.

ನನಗೆ ಹೊಸದಲ್ಲ ಈ ರೋಗ.
ಗದಗಿನ ಸ್ಟೇಷನ್ ರೋಡಿನ ಗಟಾರದಂಚಿನಿಂದ
ಕಡ್ಡಿಪೆಟ್ಟಿಗೆಯ ಹುಲಿ, ಹಡಗು, ಕೀಲಿಗಳನ್ನು ಹೆಕ್ಕಿ, ಒರೆಸಿ
ಭೂಗೋಳದ ಪುಸ್ತಕದಲ್ಲಿ ಒತ್ತಿಟ್ಟವಳು ನಾನು,
ಎರಡು ತಲೆಯ ಹಕ್ಕಿಗಾಗಿ
ಒಂದಿಡೀ ಹೊಸ ಪೆನ್ಸಿಲು ಕೊಟ್ಟವಳು.

ಫಿಲ್ಮು ಒಣಗಿತು. ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದೆ.
ಬಲಗಡೆ, ಮೇಲೆ, ಬೋರೆಹಣ್ಣಿನಷ್ಟು.
ನನ್ನ ಭಾಷೆಯಲ್ಲಿ ಅದಕ್ಕೂ ಗಂಟು ಎಂದೇ ಹೆಸರು.
ಕೂಡಿಟ್ಟ ದುಡ್ಡಿಗೂ ಅದೇ, ಮುನಿದ ಮುಖಕ್ಕೂ ಅದೇ,
ಬ್ರಹ್ಮ ಹಾಕುವುದೂ ಅದನ್ನೇ.
ಹೇಳುವುದು ಡಾಕ್ಟರ ಕೆಲಸ, ನನ್ನದಲ್ಲ.

ಆಮೇಲಿನ ಭಾನುವಾರಗಳು ನನ್ನವಾಗಿ ಉಳಿಯಲಿಲ್ಲ.
ನ್ಯೂಆರ್ಕಿನ ಸಂತೆ, ಮ್ಯಾನ್ಸ್‌ಫೀಲ್ಡಿನ ಚರ್ಚ್ ಹಾಲು.
ಕ್ರಿಕೆಟಿಗರಿದ್ದರು, ಹಕ್ಕಿಮೊಟ್ಟೆಗಳಿದ್ದವು,
ರೇಷ್ಮೆ ತುಂಡಿನ ಮೇಲೆ ಅಚ್ಚಾದ ಬಾವುಟ,
ಬಾಂಬು ಬಿದ್ದರೆ ಏನು ಮಾಡಬೇಕೆಂಬ ಪಾಠ.
ಮೂಲೆ ಮಡಿಚಿದ್ದರೆ ಅರ್ಧ ಬೆಲೆ, ಗೋಂದು ಹತ್ತಿದ್ದರೆ ಕಾಲು.
"ಗಂಟುಗಳಲ್ಲಿ ಮೂವತ್ತೊಂದಾ?" ನಗುತ್ತಿದ್ದರು ವ್ಯಾಪಾರಿಗಳು.
"ಕಂಪನಿಯೇ ವಾಪಸು ಪಡೆಯಿತು. ಯಾಕೋ, ಯಾರಿಗೆ ಗೊತ್ತು."

ಜೂನಿನಲ್ಲಿ, ಲಿಂಕನ್ ಊರಿನಲ್ಲಿ, ಗುಂಡಿಗಳ ಡಬ್ಬಿಯ ತಳದಲ್ಲಿ.
ಮಾರುವವಳಿಗೆ ಗೊತ್ತಿರಲಿಲ್ಲ; ಡಬ್ಬಿಗೇ ಎರಡು ಪೌಂಡು.
ಗೊತ್ತಿದ್ದೂ ಸುಮ್ಮನಿದ್ದೆ.
ಗುಂಡಿಗಳನ್ನೂ ತಂದೆ.

ಆರನೇ ವಾರ್ಡು. ಕನ್ನಡಕ ಏರಿಸಿದರು. ಚಿತ್ರ ನೋಡಲೇ ಇಲ್ಲ,
ಕಾರ್ಡು ಮಗುಚಿ ಬೆನ್ನಿನ ಇರುವೆಯಕ್ಷರ ಓದುತ್ತ
ಗೌನಿನ ಹುರಿ ಬಿಚ್ಚಿ ಮಂಚದ ಸರಳಿಗೆ ಸುತ್ತಿದರು,
ಮೇಲಿನಿಂದ, ಕುಣಿಕೆಯೊಳಗಿನಿಂದ, ಮತ್ತೆ ಬಲಕ್ಕೆ.
ಎಳೆದರು.
ಬಿಚ್ಚಿಕೊಂಡಿತು.
ಇನ್ನೊಮ್ಮೆ ಕಟ್ಟಿದರು, ಒಂದಕ್ಷರ ಬಿಡದೆ. ಎಳೆದರು.
ಬಿಚ್ಚಿಕೊಂಡಿತು.

"ಎಡಕ್ಕೆ ಅನ್ನುವಲ್ಲಿ ಬಲಕ್ಕೆ ಅಂತ ಅಚ್ಚು ಹಾಕಿದ್ದಾರೆ
ಬಡ್ಡಿಮಕ್ಕಳು!"
ಐವತ್ತೇಳು ವರ್ಷದ ನಗು, ಕೆಮ್ಮಿಗೆ ತಿರುಗಿತು.
ನೀರು ಕೊಟ್ಟೆ.

ಒರೆಸಿಕೊಂಡು, ಮೂರನೇ ಸಲ ಕಟ್ಟಿದರು,
ಬಲಕ್ಕೇ, ಅಚ್ಚಾದ ಹಾಗೆಯೇ.
ಹುರಿಯ ತುದಿ ನನ್ನ ಕೈಗಿಟ್ಟು
"ಈಗ ನೀವು," ಎಂದರು.

ಎಳೆದೆ.